ಕುಡಿತ ಬಿಡಿಸುವ ಅಂಗಡಿಗಳು

ಸಾಂಬ್ರಾಣಿ ಎಂದರೆ ಪಟ್ಟಣದವರಿಗೆ ಧೂಪದ ನೆನಪು ಬರುತ್ತದೆ. ನನಗೆ ಅದು ಹುಟ್ಟಿದ ಊರು. ಹಳಿಯಾಳ ತಾಲೂಕಿನ ಹಳ್ಳಿ. ಭತ್ತ, ಕಬ್ಬು, ಸುತ್ತ ಕಾಡು. ಕನ್ನಡ, ಮರಾಠಿ, ಕೊಂಕಣಿ ಮೂರನ್ನೂ ಒಂದೇ ಉಸಿರಿನಲ್ಲಿ ಆಡಬಲ್ಲ ಜನ. ಕಳೆದ ತಿಂಗಳು ಆ ಕಡೆಯ ಹಳೆಯ ಗೆಳೆಯರೊಬ್ಬರು ಧಾರವಾಡದ ನನ್ನ ಮನೆಗೆ ಬಂದರು. ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮಾತಿನಲ್ಲಿಯೂ ಲೆಕ್ಕದಲ್ಲಿಯೂ ಅಚ್ಚುಕಟ್ಟು. ಚಹ ಕುಡಿದಾದ ಮೇಲೆ ಕಿಸೆಯಿಂದ ನಾಲ್ಕು ಕರಪತ್ರಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ನಾಲ್ಕೂ ಕುಡಿತ ಬಿಡಿಸುವ ವಸತಿಕೇಂದ್ರಗಳವು. ಒಂದು ಮೂರು ತಿಂಗಳು, ಒಂದು ಆರು ತಿಂಗಳು. ಊಟ ವಸತಿ ಸಹಿತ. ಯೋಗ, ಧ್ಯಾನ, ಉಪದೇಶ ಉಂಟು. ‘ಮನೆಗೆ ವಾಹನ ಕಳಿಸಿ ಕರೆದೊಯ್ಯಲಾಗುವುದು’ ಎಂಬ ಸಾಲು ಮಾತ್ರ ನಾಲ್ಕರಲ್ಲಿಯೂ ದಪ್ಪಕ್ಷರದಲ್ಲಿತ್ತು.

“ಮಗನ್ನ ಇವುದರಾಗ ಒಂದಕ್ಕ ಹಾಕಬೇಕಂತ ಮಾಡೇನ್ರಿ. ನಿಮ್ಮ ತಮ್ಮನ್ನ ಒಮ್ಮೆ ಹಾಕಿದ್ರಲ್ಲಾ, ನಿಮಗ ಗೊತ್ತಿರತೈತಿ. ಯಾವುದು ಸೋವಿ ಅನ್ನೂದಷ್ಟ ಹೇಳ್ರಿ” ಎಂದರು.

ಸೋವಿ! ಈ ಒಂದು ಮಾತಿನ ಮೇಲೆಯೇ ಈ ಲೇಖನ. ಅವರನ್ನು ಹೀಯಾಳಿಸುವುದಕ್ಕೆ ಬರೆಯುತ್ತಿಲ್ಲ. ನಿವೃತ್ತಿ ವೇತನದಲ್ಲಿ ಬದುಕುವವರು ಸೋವಿಯಾದದ್ದನ್ನು ಕೇಳದೆ ಮತ್ತೇನನ್ನು ಕೇಳಬೇಕು? ಆದರೆ ಎತ್ತು ಕೊಳ್ಳುವಾಗ ಹಲ್ಲು ಎಣಿಸುವ, ಹೆಣ್ಣು ಕೊಡುವಾಗ ಮೂರು ತಲೆಮಾರು ಕೆದಕುವ ನಮ್ಮ ಜನ, ಮನೆಯ ಮಗನನ್ನು ಅಪರಿಚಿತರ ಬೀಗದ ಕೈಗೆ ಒಪ್ಪಿಸುವಾಗ ಬೆಲೆಯೊಂದನ್ನು ಬಿಟ್ಟು ಮತ್ತೇನನ್ನೂ ಕೇಳುವುದಿಲ್ಲ. ಕೇಳದೆ ಇರುವುದಕ್ಕೆ ಕಾರಣವೂ ಉಂಟು. ನಾಚಿಕೆ. ಒಮ್ಮೆ ಕಣ್ಣ ಮುಂದಿನಿಂದ ಹೋದರೆ ಸಾಕು ಎಂಬ ದಣಿವು. ಈ ನಾಚಿಕೆ ಮತ್ತು ದಣಿವುಗಳೇ ಈ ವ್ಯಾಪಾರದ ಬಂಡವಾಳ ಎಂಬುದು ನನ್ನ ವಾದ.

ನನ್ನ ‘ತಮ್ಮ’ ಎಂದು ಗೆಳೆಯರು ಹೇಳಿದ್ದು ನನ್ನ ಕಾಕಾನ ಮಗನನ್ನು. ಊರಿನಲ್ಲಿ ಐದು ಎಕರೆ ಹೊಲ, ಒಳ್ಳೆಯ ಕೈಗುಣದ ರೈತ. ಕುಡಿತ ಹೇಗೆ ಹಿಡಿಯಿತೆಂಬುದನ್ನು ಹೇಳುತ್ತ ಕೂತರೆ ಅದೇ ಒಂದು ಪುರಾಣವಾಗುತ್ತದೆ. ಎಲ್ಲರ ಮನೆಯ ಪುರಾಣವೂ ಅದೇ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ತೊಂಬತ್ತರ ಪೊಟ್ಟಣ ಬೇಕಾಗುವಷ್ಟಕ್ಕೆ ಬಂದಿತ್ತು. ಅವನ ಹೆಂಡತಿ ನನ್ನ ಮನೆಗೆ ಬಂದು ಅತ್ತಳು. ನಾನು, ಓದಿದವನು, ಪೇಟೆಯಲ್ಲಿ ಇರುವವನು, ದೊಡ್ಡತನದಿಂದ ಒಂದು ಕೇಂದ್ರವನ್ನು ಗೊತ್ತುಮಾಡಿದೆ. ಮೂರು ತಿಂಗಳಿಗೆ 36,000 ರೂಪಾಯಿ, ಅಷ್ಟೂ ಮುಂಗಡ. ಉಳಿದವುಗಳಿಗಿಂತ ಅದೇ ಸೋವಿ. ಬೆಳಗಿನ ಐದು ಗಂಟೆಗೆ ಜೀಪು ಬಂದು ನಾಲ್ವರು ಆಳುಗಳು ಅವನನ್ನು ಹಾಸಿಗೆಯಿಂದಲೇ ಎತ್ತಿಕೊಂಡು ಹೋದರು. ಮಕ್ಕಳು ಬಾಗಿಲಲ್ಲಿ ನಿಂತು ನೋಡಿದವು. ಆ ಜೀಪು ತರಿಸಿದವನು ನಾನು.

ಮೂರನೆಯ ದಿನ ರಾತ್ರಿ ಫೋನು ಬಂತು. ಎರಡು ಸಲ ಫಿಟ್ಸು ಬಂದು ಬಿದ್ದಿದ್ದಾನೆ, ಗೋಡೆಯ ಮೇಲೆ ಇರುವೆ ಹರಿಯುತ್ತಿವೆ ಎಂದು ಕೂಗುತ್ತಿದ್ದಾನೆ, ಬಂದು ಕರೆದುಕೊಂಡು ಹೋಗಿ ಎಂದರು. ಹೋದೆವು. ತಲೆ ಬೋಳಿಸಿದ್ದರು. ಮೈಯೆಲ್ಲ ಬೆವರು, ನಡುಕ. ನನ್ನ ಗುರುತು ಹತ್ತಲಿಲ್ಲ. ಅಲ್ಲಿ ವೈದ್ಯರು ಎಂಬುವರು ವಾರಕ್ಕೊಮ್ಮೆ ಬಂದು ಹೋಗುವವರಂತೆ. ಆ ವಾರ ಬಂದಿರಲಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಐದು ದಿನ ಮಂಚಕ್ಕೆ ಅಂಟಿಕೊಂಡಿದ್ದು ಬದುಕಿದ. ಮುಂಗಡ ಹಣ ಮರಳಿ ಬರಲಿಲ್ಲ, ಅದು ಬೇರೆ ಮಾತು. ಕೇಂದ್ರದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಹೆಸರು ಹೇಳಿದರೆ ಉಳಿದವೆಲ್ಲ ಸಾಚಾ ಎಂದು ವಾಚಕರು ತಿಳಿದಾರು.

ಆ ಐದು ದಿನಗಳಲ್ಲಿ ಒಬ್ಬ ತರುಣ ವೈದ್ಯರು ನನಗೆ ತಿಳಿಸಿಕೊಟ್ಟದ್ದನ್ನು ನಾನು ಮೊದಲೇ ತಿಳಿದಿರಬೇಕಾಗಿತ್ತು. ನಿತ್ಯ ಕುಡಿದು ಮೈ ಒಗ್ಗಿದವನು ಒಮ್ಮೆಲೇ ನಿಲ್ಲಿಸಿದರೆ ಆರೆಂಟು ತಾಸಿನಲ್ಲಿ ಕೈನಡುಕ, ಬೆವರು ತೊಡಗುತ್ತವೆ. ಫಿಟ್ಸು ಬರುವುದಿದ್ದರೆ ಬಹುಮಟ್ಟಿಗೆ ಮೊದಲ 48 ತಾಸುಗಳೊಳಗೆ. ಅದಾದ ಮೇಲೆ, ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ, ಕೆಲವರಿಗೆ ಸನ್ನಿ ಹಿಡಿಯುತ್ತದೆ: ಇಲ್ಲದ್ದು ಕಾಣುತ್ತದೆ, ಜ್ವರ ಏರುತ್ತದೆ, ಎದೆಬಡಿತ ಹೆಚ್ಚುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಸಾವೂ ಬರಬಹುದು. ಅಫೀಮು ಬಿಟ್ಟವನು ನರಕಯಾತನೆ ಪಟ್ಟರೂ ಸಾಮಾನ್ಯವಾಗಿ ಬದುಕಿಕೊಳ್ಳುತ್ತಾನೆ. ಸಾರಾಯಿ ಬಿಟ್ಟವನಿಗೆ ಆ ಭರವಸೆ ಇಲ್ಲ. ಆದರೆ ಇದನ್ನು ತಡೆಯುವ ಔಷಧ ಬಂಗಾರದ ಬೆಲೆಯದಲ್ಲ. ಡಯಾಜೆಪಾಮ್ ಜಾತಿಯ ಮಾತ್ರೆಗಳನ್ನು ಮೊದಲು ಸಾಕಷ್ಟು ಕೊಟ್ಟು, ದಿನದಿನಕ್ಕೆ ಇಳಿಸುತ್ತ ಬರುವುದು. ಥಯಾಮಿನ್ ಎಂಬ ಬಿ1 ಜೀವಸತ್ವದ ಚುಚ್ಚುಮದ್ದು. ಈ ಥಯಾಮಿನ್ ಕೊಡದೆಯೇ ‘ನಿಶ್ಶಕ್ತಿ’ ಎಂದು ಗ್ಲುಕೋಸು ಏರಿಸಿದರೆ ಮೆದುಳಿಗೇ ಪೆಟ್ಟು ಬಿದ್ದು, ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದಂತೆ. ಇಷ್ಟು ಅಗ್ಗದ ಔಷಧ, ಇಷ್ಟು ಸರಳವಾದ ಎಚ್ಚರಿಕೆ. ಆದರೆ ಅದನ್ನು ಕೊಡುವುದಕ್ಕೆ ರಾತ್ರಿ ಎರಡು ಗಂಟೆಗೆ ನಾಡಿ ಹಿಡಿದು ನೋಡುವ ಒಬ್ಬ ನರ್ಸಾದರೂ ಬೇಕು. ನಾಲ್ಕು ಕರಪತ್ರಗಳಲ್ಲಿ ಧ್ಯಾನದ ಕೋಣೆಯ ಚಿತ್ರ ಇತ್ತು, ಕೇರಮ್ ಬೋರ್ಡಿನ ಚಿತ್ರ ಇತ್ತು. ರಾತ್ರಿ ಯಾರಿರುತ್ತಾರೆ ಎಂಬ ಮಾತು ಒಂದರಲ್ಲಿಯೂ ಇರಲಿಲ್ಲ.

‘ಹುಚ್ಚು ಸಾಹಸ ಬೇಡ, ಅವರಿಗೂ ಕಾನೂನು ಇರಬೇಕಲ್ಲ’ ಎನ್ನುವವರುಂಟು. ಇದೆ; ಬಹಳ ಚೆನ್ನಾಗಿಯೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮದ್ಯ, ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮನೋವಿಕಾರಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಆದುದರಿಂದ ಇಂಥವರನ್ನು ಇರಿಸಿಕೊಂಡು ಚಿಕಿತ್ಸೆ ಕೊಡುತ್ತೇವೆ ಎನ್ನುವ ಸಂಸ್ಥೆಗೆ ನೋಂದಣಿ ಬೇಕು. ರೋಗಿಯ ಇಚ್ಛೆಗೆ ವಿರುದ್ಧವಾಗಿ ಸೇರಿಸಿಕೊಳ್ಳಬೇಕಾದರೆ ಒಬ್ಬ ಮನೋವೈದ್ಯರೂ ಮತ್ತೊಬ್ಬ ವೈದ್ಯರೋ ಮನೋಆರೋಗ್ಯ ತಜ್ಞರೋ ಬೇರೆಬೇರೆಯಾಗಿ ಪರೀಕ್ಷಿಸಿರಬೇಕು. ಅದೂ 30 ದಿನಕ್ಕೆ ಮಾತ್ರ. ಮೀರಿದರೆ ಇಬ್ಬರು ಮನೋವೈದ್ಯರ ಪರೀಕ್ಷೆ, ಪರಿಶೀಲನಾ ಮಂಡಳಿಯ ಒಪ್ಪಿಗೆ. ಸರಪಳಿ ಹಾಕುವುದನ್ನು ಕಾಯಿದೆ ಪೂರ್ತಿಯಾಗಿ ನಿಷೇಧಿಸಿದೆ. ಬಲವಂತದಿಂದ ತಲೆ ಬೋಳಿಸುವಂತಿಲ್ಲ, ಸಂಬಳವಿಲ್ಲದೆ ದುಡಿಸಿಕೊಳ್ಳುವಂತಿಲ್ಲ, ಫೋನು, ಭೇಟಿಗಳ ಹಕ್ಕು ಉಂಟು, ಮಂಡಳಿಯ ವಿಳಾಸವನ್ನು ಎದ್ದು ಕಾಣುವ ಜಾಗದಲ್ಲಿ ಹಚ್ಚಿರಬೇಕು. ಈಗ ನನ್ನ ಗೆಳೆಯರ ಕರಪತ್ರವನ್ನು ಓದಿ: ‘ಆರು ತಿಂಗಳು ಕಡ್ಡಾಯ. ಮೊದಲ 45 ದಿನ ಭೇಟಿ ಇಲ್ಲ, ಫೋನು ಇಲ್ಲ.’ ಕಾಯಿದೆಯನ್ನು ಮುರಿಯುತ್ತೇವೆ ಎಂದು ತಾವೇ ಅಚ್ಚು ಹಾಕಿಸಿ ಹಂಚುತ್ತಿರುವ ವ್ಯಾಪಾರ ಬೇರೆ ಯಾವುದಾದರೂ ಉಂಟೆ? ನಾವು ಓದುಬರಹ ಬಲ್ಲವರು ಅದನ್ನೇ ಶಿಸ್ತು ಎಂದು ಮೆಚ್ಚಿಕೊಳ್ಳುತ್ತೇವೆ.

ಎಲ್ಲ ಖಾಸಗಿ ಕೇಂದ್ರಗಳೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯವು ಇವೆ. ಮದರಾಸಿನಲ್ಲಿ ಶಾಂತಿ ರಂಗನಾಥನ್ ಎಂಬ ಮಹಿಳೆ, ತಮ್ಮ ಪತಿಯನ್ನು ಕುಡಿತಕ್ಕೆ ಕಳೆದುಕೊಂಡವರು, 1980ರಲ್ಲಿ ಕಟ್ಟಿದ ಸಂಸ್ಥೆ ಇದಕ್ಕೆ ಸಾಕ್ಷಿ. ಅಲ್ಲಿ ರೋಗಿಯಷ್ಟೇ ಅಲ್ಲ, ಅವನ ಮನೆಯವರೂ ಪಾಠಕ್ಕೆ ಕೂಡಬೇಕು. ಅದಕ್ಕಿಂತ ನನಗೆ ಮೆಚ್ಚಿಗೆಯಾದದ್ದು ಅವರು ತಂಜಾವೂರಿನ ಕಡೆಯ ಮಂಜಕ್ಕುಡಿ ಎಂಬ ಹಳ್ಳಿಗೇ ಹೋಗಿ ಹದಿನೈದು ದಿನಗಳ ಶಿಬಿರ ನಡೆಸಿದ್ದು. ಹಳ್ಳಿಯವರೇ ಜಾಗ ಕೊಟ್ಟು, ಊಟಕ್ಕೆ ನೆರವಾಗಿ, ಶಿಬಿರ ಮುಗಿದ ಮೇಲೆಯೂ ಕಣ್ಣಿಟ್ಟರು. ನಮ್ಮಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ, ಜನಜಾಗೃತಿ ವೇದಿಕೆಗಳವರು ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳನ್ನು ಓದುಗರು ಬಲ್ಲರು. ಸಾವಿರಕ್ಕೂ ಮಿಕ್ಕಿ ನಡೆದಿವೆ. ಕಲ್ಯಾಣಮಂಟಪದಲ್ಲಿ ಚಾಪೆ ಹಾಸಿ, ಊರವರು ಅಕ್ಕಿ ಬೇಳೆ ಕೂಡಿಸಿ, ಕೊನೆಯ ದಿನ ಹೆಂಡತಿ ಮಕ್ಕಳ ಎದುರು ಪ್ರತಿಜ್ಞೆ ಮಾಡಿಸುವುದನ್ನು ಕಂಡು ಪಟ್ಟಣದ ಬುದ್ಧಿವಂತರು ನಗುತ್ತಾರೆ. ನಗುವುದು ಬೇಡ. ಆ ಶಿಬಿರದ ಬಲ ಪ್ರತಿಜ್ಞೆಯಲ್ಲಿಲ್ಲ. ಆಮೇಲೆ ಊರಲ್ಲಿಯೇ ಕೂಡುವ ನವಜೀವನ ಸಮಿತಿಯಲ್ಲಿದೆ. ಬಿಟ್ಟವನನ್ನು ಬಿಟ್ಟವನೇ ‘ಏನಪಾ, ಹೆಂಗದೀ’ ಎಂದು ಕೇಳುವ ಏರ್ಪಾಡು ಅದು. 1935ರಲ್ಲಿ ಅಮೇರಿಕದ ಆಕ್ರನ್ ನಗರದಲ್ಲಿ ಇಬ್ಬರು ಕುಡುಕರು ಕೂಡಿ ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟವು ಇಂದಿಗೂ ಶುಲ್ಕವಿಲ್ಲದೆ ನಡೆಯುವುದು ಇದೇ ತತ್ವದ ಮೇಲೆ.

ಆದರೂ ಒಂದು ಮಾತು ಹೇಳಲೇಬೇಕು. ಬೆಳಗೆದ್ದು ಕುಡಿಯದಿದ್ದರೆ ಕೈ ನಡುಗುವವನನ್ನು, ಹಿಂದೆ ಒಮ್ಮೆ ಫಿಟ್ಸು ಬಂದವನನ್ನು, ಕಾಮಾಲೆಯಾದವನನ್ನು ನೇರವಾಗಿ ಶಿಬಿರದ ಚಾಪೆಗೆ ಒಯ್ಯಬಾರದು. ಅವನು ಮೊದಲು ಆಸ್ಪತ್ರೆಯ ಮಂಚಕ್ಕೆ, ಆಮೇಲೆ ಚಾಪೆಗೆ. ಈ ಕ್ರಮ ತಪ್ಪಿದರೆ ಎಷ್ಟು ಭಕ್ತಿಯಿದ್ದರೂ ಫಲವಿಲ್ಲ.

ಹಾಗಾದರೆ ಆಸ್ಪತ್ರೆ ಎಲ್ಲಿ? ಇಲ್ಲಿಯೇ ನಮ್ಮ ಮಧ್ಯಮ ವರ್ಗದ ಮನಸ್ಸಿನ ವಿಚಿತ್ರ ಕಾಣಬೇಕು. ಹಳಿಯಾಳದಿಂದ ತಾಸಿನ ಬಸ್ಸಿನ ದಾರಿಗೆ ಧಾರವಾಡದಲ್ಲಿ ಸರಕಾರದ ಡಿಮ್ಹಾನ್ಸ್ ಇದೆ. 1845ರಲ್ಲಿ ಆರಂಭವಾದ ಆಸ್ಪತ್ರೆ. 2009ರಲ್ಲಿ ಸಂಸ್ಥೆಯ ರೂಪ ಪಡೆಯಿತು. ಮನೋವೈದ್ಯರಿದ್ದಾರೆ, ವಾರ್ಡುಗಳಿವೆ, ಕುಡಿತಕ್ಕೂ ಚಿಕಿತ್ಸೆ ಉಂಟು. ಜೀಪು ಕಳಿಸುವ ಕೇಂದ್ರದವರು ಒಂದು ವಾರಕ್ಕೆ ಕೀಳುವ ಹಣದಲ್ಲಿ ಅಲ್ಲಿ ಚಿಕಿತ್ಸೆ ಮುಗಿಸಿ, ತಿಂಗಳ ಮಾತ್ರೆಯನ್ನೂ ಕೊಂಡು ಬರಬಹುದು. ಆದರೆ ನಮ್ಮ ಸೀಮೆಯಲ್ಲಿ ‘ಇವನನ್ನ ಧಾರವಾಡಕ್ಕ ಕಳಸಬೇಕು’ ಎಂದರೆ ಹುಚ್ಚು ಎಂದೇ ಅರ್ಥ. ಮಗ ‘ಕೋರ್ಸಿಗೆ ಹೋಗ್ಯಾನ’ ಎಂದು ನೆರೆಯವರಿಗೆ ಸುಳ್ಳು ಹೇಳಿ ಆರು ತಿಂಗಳ ಸಾಲ ಮಾಡಲು ತಯಾರಿರುವವರು, ಹತ್ತು ದಿನ ಸರಕಾರಿ ವಾರ್ಡಿನಲ್ಲಿ ಅವನ ಪಕ್ಕದ ಸ್ಟೂಲಿನ ಮೇಲೆ ಕೂಡಲು ತಯಾರಿಲ್ಲ. ಸೋವಿ ಬೇಕು ಎನ್ನುವ ಮಾತು ಇಲ್ಲಿ ನಿಜವಾಗಿ ಬಯಲಾಗುತ್ತದೆ. ನಮಗೆ ಸೋವಿಯಾದ ಚಿಕಿತ್ಸೆ ಬೇಕಾಗಿಲ್ಲ; ಸೋವಿಯಾದ ಮರೆ ಬೇಕಾಗಿದೆ.

ಇನ್ನೊಂದು ಮರೆಯೂ ಉಂಟು. ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಕುಡಿಯುವವರಿಗೆ ತಿಳಿಯದಂತೆ ಬಿಡಿಸಿರಿ’ ಎಂಬ ಜಾಹೀರಾತನ್ನು ಕಾಣದ ಕಣ್ಣಿಲ್ಲ. ಸಾರಿನಲ್ಲಿ ಕದ್ದು ಬೆರೆಸುವ ಪುಡಿ. ಅದರಲ್ಲಿ ಏನಿದೆ ಎಂದು ಕೇಳಿದರೆ ಗುಟ್ಟಂತೆ. ಡೈಸಲ್ಫಿರಾಮ್ ಎಂಬ ನಿಜವಾದ ಔಷಧವೊಂದಿದೆ. ಡೆನ್ಮಾರ್ಕಿನ ವಿಜ್ಞಾನಿಗಳು 1948ರಲ್ಲಿ ಇದರ ಗುಣವನ್ನು ಪ್ರಕಟಿಸಿದರು. ಅದು ಮೈಯಲ್ಲಿದ್ದಾಗ ಕುಡಿದರೆ ಮುಖ ಕೆಂಪೇರಿ, ವಾಂತಿ ಬಂದು, ಎದೆ ಹೊಡೆದುಕೊಂಡು, ರಕ್ತದ ಒತ್ತಡ ಕುಸಿಯಬಹುದು. ತಿಳಿದು, ಒಪ್ಪಿ, ಹೆಂಡತಿಯ ಎದುರು ದಿನವೂ ನುಂಗುವವನಿಗೆ ಅದು ಬೇಲಿಯಂತೆ ಕಾಯುತ್ತದೆ. ತಿಳಿಯದೆ ತಿಂದು ಅದರ ಮೇಲೆ ಕುಡಿದವನಿಗೆ ಅದೇ ವಿಷವಾಗಬಹುದು. ಗಂಡನನ್ನು ಉಳಿಸಿಕೊಳ್ಳಲು ಹೋದ ಹೆಣ್ಣುಮಗಳ ಕೈಯಲ್ಲಿ ಇಂಥದನ್ನು ಗುಟ್ಟಾಗಿ ಕೊಡಿಸುವವರನ್ನು ಏನೆಂದು ಕರೆಯಬೇಕು?

ಇಷ್ಟು ಹೇಳಿದ ಮೇಲೆ ಕೆಲವರು, ‘ಆ ಕಡೆಯ ಕಾಡುಜನರೇ ಹಾಗೆ, ಸಿದ್ದಿಯರು, ಕುಣಬಿಯರು, ಗೌಳಿಯರು ಕುಡಿಯುವವರೇ’ ಎಂದು ತಮ್ಮ ಬೈಠಕಖಾನೆಯಲ್ಲಿ ಕೂತು ತೀರ್ಪು ಕೊಡುತ್ತಾರೆ. ಸಾಂಬ್ರಾಣಿಯ ಆಸುಪಾಸಿನಲ್ಲಿ ಹುಟ್ಟಿ ಬೆಳೆದವನಾಗಿ ನಾನು ಈ ಮಾತನ್ನು ಖಂಡಿಸುತ್ತೇನೆ. ಅಲ್ಲಿ ಎಂದೂ ಬಾಯಿಗೆ ಹಾಕದ ಸಿದ್ದಿ ಕುಟುಂಬಗಳನ್ನು ನಾನು ಬಲ್ಲೆ. ಹುಬ್ಬಳ್ಳಿ ಧಾರವಾಡಗಳಲ್ಲಿ ಪರದೆ ಹಾಕಿಕೊಂಡು ಪ್ರತಿ ಸಂಜೆ ಕುಡಿಯುವ ನಿವೃತ್ತ ಅಧಿಕಾರಿಗಳನ್ನೂ ಬಲ್ಲೆ. ಬಡವನ ಕುಡಿತ ಬೀದಿಯಲ್ಲಿ ಬೀಳುತ್ತದೆ, ನಮ್ಮದು ಸೋಫಾದ ಮೇಲೆ. ವ್ಯತ್ಯಾಸ ಇಷ್ಟೇ. ಮೇಲಾಗಿ ಈ ಸೀಮೆಗೆ ಬಾಟಲಿಯ ದಾರಿ ಹತ್ತಿರ. ಜೋಯಿಡಾ ತಾಲೂಕಿನ ಅನಮೋಡ ದಾಟಿದರೆ ಗೋವೆ.

ಪಾನನಿರೋಧ ಬೇಕೋ ಬೇಡವೋ ಎಂಬ ಹಳೆಯ ಜಗಳವನ್ನು ನಾನು ಇಲ್ಲಿ ಎಬ್ಬಿಸಲಾರೆ. ನಮ್ಮ ತಾಲೂಕುಗಳು ಮುಂಬಯಿ ಸರಕಾರದಲ್ಲಿದ್ದಾಗ 1949ರ ಪಾನನಿರೋಧ ಕಾಯಿದೆ ಇತ್ತು, ಕದ್ದು ಕುಡಿದರು. ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ 1967ರಲ್ಲಿ ಅದನ್ನು ತೆಗೆದರು; ಕೊಂಡು ಕುಡಿದರು. 2007ರ ಜುಲೈಯಿಂದ ಸಾರಾಯಿ ನಿಂತಿತು. ಪೊಟ್ಟಣದ ವಿಸ್ಕಿ ಬಂತು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋಗಿ ಮದ್ಯ ನಿಷೇಧ ಕೇಳಿದರು, ಸಿಗಲಿಲ್ಲ. ಆಯಿತು, ಮಾರಿರಿ. ಆದರೆ 2025-26ರ ಆಯವ್ಯಯದಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿಯ ಗುರಿ ಇಟ್ಟುಕೊಂಡ ಸರಕಾರ, ಆ ಹಣ ಬರುವ ಮನೆಗಳಿಗೆ ಮರಳಿ ಕೊಡುವುದೇನು? ಕೇಂದ್ರ ಸರಕಾರವೇ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯನ್ನು ನೋಡಿ. ದೇಶದಲ್ಲಿ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬನಿಗೆ ಮಾತ್ರ ಏನಾದರೊಂದು ಚಿಕಿತ್ಸೆ. ಆಸ್ಪತ್ರೆಯಲ್ಲಿ ಮಲಗಿಸಿ ಚಿಕಿತ್ಸೆ ಸಿಕ್ಕದ್ದು 180 ಜನರಲ್ಲಿ ಒಬ್ಬನಿಗೆ. ಉಳಿದ 179 ಜನರ ಬಾಗಿಲಿಗೆ ಜೀಪು ಬರದೆ ಮತ್ತೇನು ಬಂದೀತು?

ನಾನು ಕೇಳುವುದು ದೊಡ್ಡದಲ್ಲ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ನಾಲ್ಕು ತಾಲೂಕುಗಳಿಗೆ ಸೇರಿ ಒಂದು ತಾಲೂಕು ಆಸ್ಪತ್ರೆಯಲ್ಲಿ ಹತ್ತು ಹಾಸಿಗೆಗಳನ್ನು ಈ ಕೆಲಸಕ್ಕೆಂದೇ ತೆಗೆದಿಡಲಿ. ಜಿಲ್ಲಾಕೇಂದ್ರವಾದ ಕಾರವಾರ ಘಟ್ಟದ ಕೆಳಗಿದೆ. ಧಾರವಾಡ ಹತ್ತಿರವಿದ್ದರೂ ಅದು ಬೇರೆ ಜಿಲ್ಲೆ, ಬೇರೆ ಕಡತ. ನಡುವೆ ನಮ್ಮ ಜನ. 2014ರಿಂದ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕಳಿಸುವ ಕಾರ್ಯಕ್ರಮವನ್ನು ಸರಕಾರವೇ ಹಾಕಿಕೊಂಡಿದೆ. ಒಳ್ಳೆಯ ಕಾರ್ಯಕ್ರಮ. ಆದರೆ ಫಿಟ್ಸು ಮಂಗಳವಾರವನ್ನು ನೋಡಿಕೊಂಡು ಬರುವುದಿಲ್ಲ. ಆಸ್ಪತ್ರೆಯಲ್ಲಿ ಇರುವ ವೈದ್ಯರಿಗೆ, ನರ್ಸುಗಳಿಗೆ ಮೊದಲ ಐದು ದಿನಗಳನ್ನು ದಾಟಿಸುವ ತರಬೇತಿ ಕೊಟ್ಟರೆ ಹೊಸ ಕಟ್ಟಡ ಬೇಕಿಲ್ಲ, ಶಿಲಾನ್ಯಾಸ ಬೇಕಿಲ್ಲ. ಶಿಲಾನ್ಯಾಸ ಇಲ್ಲದ್ದಕ್ಕೆ ಯಾರಿಗೂ ಹುರುಪಿಲ್ಲವೋ ಏನೋ.

ಗೆಳೆಯರಿಗೆ ನಾನು ಹೇಳಿದ್ದೂ ಇದನ್ನೇ, ಸ್ವಲ್ಪ ಮೆಲುದನಿಯಲ್ಲಿ. ಇವತ್ತು ರಾತ್ರಿ ಅವನನ್ನು ಕೋಣೆಯಲ್ಲಿ ಕೂಡಿ ಹಾಕಿ ‘ಬಿಡಿಸಲು’ ಹೋಗಬೇಡಿ. ನಾಳೆ ಬೆಳಿಗ್ಗೆ ಕರೆದುಕೊಂಡು ಬನ್ನಿ. ರೇಶನ್ ಕಾರ್ಡು, ಆಧಾರ್, ಹಿಂದಿನ ರಕ್ತಪರೀಕ್ಷೆಯ ಕಾಗದಗಳಿದ್ದರೆ ತನ್ನಿ. 14416ಕ್ಕೆ ಫೋನು ಮಾಡಿದರೆ ಟೆಲಿ-ಮಾನಸದವರು ಕನ್ನಡದಲ್ಲಿಯೇ ದಾರಿ ಹೇಳುತ್ತಾರೆ, ದುಡ್ಡು ಬೀಳುವುದಿಲ್ಲ. ಆಸ್ಪತ್ರೆಯ ಹತ್ತು ಹದಿನೈದು ದಿನ ಕಳೆದ ಮೇಲೂ ವಸತಿಕೇಂದ್ರವೇ ಬೇಕೆನಿಸಿದರೆ, ಕೇಂದ್ರ ಸರಕಾರದ ಸಹಾಯಧನದಿಂದ ನಡೆಯುವ ವ್ಯಸನಿಗಳ ಪುನರ್ವಸತಿ ಕೇಂದ್ರಗಳುಂಟು, 14446ರಲ್ಲಿ ವಿಚಾರಿಸಬಹುದು. ಯಾವುದೇ ಇರಲಿ, ಮೊದಲು ನೀವೇ ಹೋಗಿ ನೋಡಿ ಬನ್ನಿ. ನೋಂದಣಿ ಪತ್ರ ಕೇಳಿ. ರಾತ್ರಿ ಯಾರು ಇರುತ್ತಾರೆಂದು ಕೇಳಿ; ಹಗಲಿನ ಮಾತು ಬೇಡ. ಒಳಗಿರುವ ಒಬ್ಬ ರೋಗಿಯೊಡನೆ ಐದು ನಿಮಿಷ ಒಬ್ಬರೇ ಮಾತಾಡಲು ಬಿಡುತ್ತಾರೋ ನೋಡಿ. ಪೂರ್ತಿ ಮುಂಗಡ ಕೇಳಿದರೆ ಎದ್ದು ಬನ್ನಿ. ಮನೆಗೆ ಕಳಿಸಿದ ಮರುದಿನದಿಂದ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿಲ್ಲದಿದ್ದರೆ, ಒಳಗಿನ ಆರು ತಿಂಗಳಿಂದ ಬಂದ ಭಾಗ್ಯವೇನು?

“ಮತ್ತ ಕುಡದ್ರ?” ಎಂದರು ಗೆಳೆಯರು.

ಕುಡಿಯಬಹುದು. ಸಕ್ಕರೆ ಕಾಯಿಲೆಯವನು ಮದುವೆಮನೆಯಲ್ಲಿ ಜಿಲೇಬಿ ತಿಂದು ಬಂದರೆ ವೈದ್ಯರು ಅವನ ತಲೆ ಬೋಳಿಸುವುದಿಲ್ಲ, ಮಾತ್ರೆ ಬದಲಿಸುತ್ತಾರೆ. ನನ್ನ ಕಾಕಾನ ಮಗ ಆಸ್ಪತ್ರೆಯಿಂದ ಬಂದ ಮೇಲೆ ಎರಡು ಸಲ ಕುಡಿದ. ಎರಡು ಸಲವೂ ಅವನ ಹೆಂಡತಿ ಮೂರನೆಯ ದಿನಕ್ಕೇ ಬಸ್ಸು ಹತ್ತಿಸಿ ಕರೆತಂದಳು. ಜೀಪು ಬರಲಿಲ್ಲ, ಅವನೂ ಓಡಲಿಲ್ಲ. ಈಗ ಎರಡು ವರುಷ ನಾಲ್ಕು ತಿಂಗಳು. ನನ್ನ ಮೇಲಿನ ಸಿಟ್ಟು ಮಾತ್ರ ಅವನಿಗೆ ಇನ್ನೂ ಪೂರಾ ಇಳಿದಿಲ್ಲ. ಹೋದ ಸಲ ಊರಿಗೆ ಹೋದಾಗ, “ಅಣ್ಣಾ, ನೀ ನನ್ನ ಕೇಳಿದ್ರ ನಾನs ನಡಕೊಂಡು ಬರತಿದ್ದೆ” ಎಂದ. ನಾನು ಕೇಳಿರಲಿಲ್ಲ.

ಗೆಳೆಯರು ಮರುದಿನ ಮಗನನ್ನು ಕರೆದುಕೊಂಡು ಬಂದರು. ಹೊರರೋಗಿಗಳ ಸಾಲು ಗೇಟಿನತನಕ ಇತ್ತಂತೆ. ಅವರ ಸರದಿ ಬಂದದ್ದು ಮಧ್ಯಾಹ್ನ ಎರಡಕ್ಕೆ. ಸಾಲಿನಲ್ಲಿ ಸಾಂಬ್ರಾಣಿ ಕಡೆಯವರೇ ಮೂವರು ಸಿಕ್ಕರೆಂದು ಸಂಜೆ ಫೋನಿನಲ್ಲಿ ಹೇಳಿದರು.